ಗಾಡಿ ಅಂಕಲ್ ಮತ್ತು ಬೇರಿಂಗ್ ಪಾಠ

ಅವರ ಕೈಗಳಿಂದ ಯಾವಾಗಲೂ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿತ್ತು. ಗ್ರೀಸ್ ತೊಳೆಯಲು ಗ್ಯಾರೇಜುಗಳಲ್ಲಿ ಇಟ್ಟಿರುತ್ತಾರಲ್ಲ, ಮರಳು ಬೆರೆಸಿದಂತೆ ತರಿತರಿಯಾದ ಸೋಪು, ಅದರ ವಾಸನೆ. ಎಷ್ಟು ಉಜ್ಜಿದರೂ ಎಡಗೈಯ ಹೆಬ್ಬೆರಳಿನ ಉಗುರು ಮಾತ್ರ ಕಪ್ಪಾಗಿಯೇ ಇತ್ತು. ಹುಬ್ಬಳ್ಳಿಯಲ್ಲಿ ಬಸ್ಸುಗಳ ತಗಡು ಬಡಿಯುತ್ತಿದ್ದ ಕಾಲದಲ್ಲಿ ಸುತ್ತಿಗೆ ಬಿದ್ದು ಆದದ್ದಂತೆ. ಈದ್ ದಿನ ಡಿಯರ್‌ಬಾರ್ನಿನ ಅವರ ಪುಟ್ಟ ಮನೆಗೆ ಹೋದರೆ ಆ ಕೈಯಲ್ಲೇ ಎಲ್ಲರಿಗೂ ಬಿರಿಯಾನಿ ಬಡಿಸುತ್ತಿದ್ದರು. ನನಗೆಂದು ಅವರ ಹೆಂಡತಿ, ನಮ್ಮ ಆಂಟಿ, ಬೇರೆ ಪಾತ್ರೆಯಲ್ಲಿ ಮಾಡಿಟ್ಟ ತರಕಾರಿ ಪಲಾವನ್ನೂ ಅವರೇ ಬಡಿಸಬೇಕು. "ಸಾಕು ಅಂಕಲ್, ಸಾಕು" ಎಂದು ನಾನು ಎಷ್ಟು ಕೂಗಿದರೂ ತಟ್ಟೆ ತುಂಬುವ ತನಕ ಬಿಡುತ್ತಿರಲಿಲ್ಲ. ಉಪಚಾರ ಎಂದರೆ ಇದು ಎಂದುಕೊಂಡು ಅಷ್ಟನ್ನೂ ತಿನ್ನುತ್ತಿದ್ದೆ.

ನಮ್ಮ ಕನ್ನಡದವರ ಬಳಗದಲ್ಲಿ ಅವರಿಗೆ ಗಾಡಿ ಅಂಕಲ್ ಎಂದೇ ಹೆಸರು. ಕಾರು ಮಾರುವ ದೊಡ್ಡ ಮಳಿಗೆಯೊಂದರ ರಿಪೇರಿ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದರು. ವಾರದ ದಿನಗಳಲ್ಲಿ ಆ ಕೆಲಸ, ಭಾನುವಾರ ನಮ್ಮಂಥವರಿಗೆ ಡ್ರೈವಿಂಗ್ ಕಲಿಸುವ ಕೆಲಸ. ಎರಡನೆಯದಕ್ಕೆ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಡಿಯರ್‌ಬಾರ್ನ್ ಸುತ್ತಲಿನ ಕಾರು ಕಾರ್ಖಾನೆಗಳ ಊರುಗಳಿಗೆ, ರಾಚೆಸ್ಟರ್ ಹಿಲ್ಸ್‌ನಿಂದ ಕ್ಯಾಂಟನ್‌ವರೆಗೆ, ಆ ಕಾಲದಲ್ಲಿ ವೀಸಾ ಹಿಡಿದು ಬಂದಿಳಿದ ಕನ್ನಡದವರಲ್ಲಿ ಅರ್ಧದಷ್ಟು ಜನ ಅವರ ಹಳೆಯ ಬೂದು ಬಣ್ಣದ ಕಾರಿನಲ್ಲಿಯೇ ಸ್ಟಿಯರಿಂಗ್ ಹಿಡಿದವರು. ನಾನು ಹೋದದ್ದು ತೊಂಬತ್ತೆಂಟರಲ್ಲಿ. ಮೈಸೂರಿನಲ್ಲಿ ಲೂನಾ ಬಿಟ್ಟು ಬೇರೇನೂ ಓಡಿಸಿದವಳಲ್ಲ. ಬಸ್ಸು ಅಪರೂಪವಾದ, ರಸ್ತೆ ದಾಟಿ ಹಾಲು ತರಲೂ ಕಾರು ಬೇಕಾದ ಊರಿಗೆ ಬಂದು ಬಿದ್ದಿದ್ದೆ.

ಅವರು ಕಲಿಸುವ ರೀತಿಯೇ ಬೇರೆ. ಭಾನುವಾರ ಖಾಲಿ ಬಿದ್ದಿರುವ ಶಾಲೆಯ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋಗುವರು. ಪಕ್ಕದ ಸೀಟಿನಲ್ಲಿ ಕೂತು ಬಾಯಿ ಮುಚ್ಚಿದರೆ ಮುಗಿಯಿತು, ಆಮೇಲೆ ಎಲ್ಲವೂ ಕೈಸನ್ನೆ. ಒಂದು ಬೆರಳೆತ್ತಿದರೆ ನಿಧಾನ, ಮುಷ್ಟಿ ಕಟ್ಟಿದರೆ ಬ್ರೇಕ್, ಅಂಗೈ ಯಾವ ಕಡೆ ವಾಲಿದರೆ ಆ ಕಡೆಗೆ ತಿರುಗಬೇಕು. ನಾನೋ ಪ್ರಶ್ನೆಗಳ ಗಂಟು. "ಅಂಕಲ್, ಇಲ್ಲಿ ಯೀಲ್ಡ್ ಮಾಡ್ಬೇಕಾ, ಅವ್ರಿಗೆ ದಾರಿ ಬಿಡ್ಬೇಕಾ? ಅಂಕಲ್, ಆ ಕಾರ್ ನಿಲ್ಲತ್ತಾ? ಅಂಕಲ್, ಈಗ ಲೇನ್ ಚೇಂಜ್ ಮಾಡ್ಲಾ?" ಉತ್ತರವೇ ಇಲ್ಲ. ಕಣ್ಣು ನೆಟ್ಟಗೆ ರಸ್ತೆಯ ಮೇಲೆ. ಒಂದು ದಿನ ಸಿಟ್ಟು ಬಂದು ಕಾರು ನಿಲ್ಲಿಸಿ ಅವರ ಕಡೆ ತಿರುಗಿ ಕೂತೆ. ಆಗ ಹೇಳಿದರು, "ತಂಗಿ, ಮಾತು ಬ್ಯಾಡ. ಕಣ್ಣು ರಸ್ತಾದ ಮ್ಯಾಲ ಇರಲಿ. ನಾಳೆ ನಾ ಬಾಜೂಕ ಇರ್‍ತೀನೇನು?"

ಈ ಮಾತನ್ನು ನಾನು ಬಳಗದಲ್ಲೆಲ್ಲ ಹೇಳಿಕೊಂಡು ಬಂದೆ. ಗುರು ಎಂದರೆ ಹೀಗಿರಬೇಕು, ಉತ್ತರ ಕೊಡದೆ ನಮ್ಮಿಂದಲೇ ಉತ್ತರ ಹೊರಡಿಸಬೇಕು ಎಂದು ದೊಡ್ಡ ವ್ಯಾಖ್ಯಾನ ಬೇರೆ. ಲೈಸೆನ್ಸ್ ಟೆಸ್ಟಿನಲ್ಲಿ ಮೂರನೆಯ ಸಲ ಪಾಸಾದಾಗ ಅವರು ಹೊರಗಿನ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮುಖ ನೋಡಿ ತಿಳಿದುಕೊಂಡು ಎದ್ದು ನಿಂತರು.

ಇನ್ನು ನನ್ನ ಕೆಲಸದ ವಿಷಯ. ರಾಚೆಸ್ಟರ್ ಹಿಲ್ಸ್‌ನ ಒಂದು ಸಣ್ಣ ಕಂಪನಿ. ಕಾರು ತಯಾರಿಸುವ ದೊಡ್ಡ ಕಂಪನಿಯೊಂದರ ಮೆಕ್ಯಾನಿಕ್‌ಗಳಿಗಾಗಿ ಕಂಪ್ಯೂಟರ್ ಪಾಠಗಳನ್ನು ತಯಾರಿಸಿಕೊಡುತ್ತಿದ್ದೆವು. ಚಿತ್ರ, ಓಡುವ ಚಿತ್ರ, ದನಿ, ಕೊನೆಗೊಂದು ಪರೀಕ್ಷೆ, ಎಲ್ಲ ಸೇರಿ ಒಂದು ಸಿ.ಡಿ. ಪಾಠದ ರೂಪ ಹೇಗಿರಬೇಕು, ಯಾವ ಪರದೆಯಲ್ಲಿ ಏನು ಬರಬೇಕು ಎಂದು ಗೊತ್ತುಮಾಡುವವಳು ನಾನು. ಆ ವಿದ್ಯೆಯಲ್ಲಿ ಒಂದು ನಿಯಮವಿದೆ: ದನಿಯಲ್ಲಿ ಹೇಳುತ್ತಿರುವುದನ್ನೇ ಪರದೆಯ ಮೇಲೆ ಅಕ್ಷರದಲ್ಲಿ ಬರೆಯಬಾರದು. ಓದುವುದೋ ಕೇಳುವುದೋ ಎಂದು ಕಲಿಯುವವರಿಗೆ ಗೊಂದಲವಾಗುತ್ತದೆ. ಹೊಸದಾಗಿ ಕಲಿತ ನಿಯಮ ನೋಡಿ, ನಾನು ಅದನ್ನು ಮಡಿಯಂತೆ ಆಚರಿಸುತ್ತಿದ್ದೆ. ಯಾರಾದರೂ ಪರದೆಯಲ್ಲಿ ಎರಡು ಸಾಲು ಹೆಚ್ಚಿಗೆ ಬರೆದರೆ ತಕ್ಷಣ ಅಳಿಸಿಬಿಡುವಷ್ಟು.

ಎರಡು ಸಾವಿರದ ಒಂದರ ಸುಮಾರಿಗೆ ನನ್ನ ಕೈಗೆ ಬಂದದ್ದು ಚಕ್ರದ ಬೇರಿಂಗ್ ಪಾಠ. ಬೇರಿಂಗ್ ಸವೆದರೆ ಚಕ್ರ ಸದ್ದು ಮಾಡುತ್ತದೆ. ಆ ಸದ್ದಿನಲ್ಲೂ ಬಗೆಗಳಿವೆ, ಅದರಿಂದ ಎಷ್ಟು ಹಾಳಾಗಿದೆ ಎಂದು ತಿಳಿಯಬಹುದು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಪುಸ್ತಕ ಮಾಡಲಾಗದ್ದನ್ನು ಕಂಪ್ಯೂಟರ್ ಮಾಡುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಉಂಟೇ! ಚೆನ್ನಾಗಿರುವುದೊಂದು, ಹಾಳಾದವು ಮೂರು, ಹೀಗೆ ನಾಲ್ಕು ಬಗೆಯ ಸದ್ದು ರೆಕಾರ್ಡ್ ಮಾಡಿ, ಕೇಳಿಸಿ, ಯಾವುದು ಯಾವುದೆಂದು ಪರೀಕ್ಷೆಯಲ್ಲಿ ಕೇಳುವುದು ಎಂದು ಯೋಜನೆ ಹಾಕಿದೆ. ಹಾಳಾದ ಬೇರಿಂಗ್‌ಗಳಿಗೆ ಎಲ್ಲಿ ಹೋಗುವುದು? ಗಾಡಿ ಅಂಕಲ್ ಇದ್ದರಲ್ಲ. ಫೋನ್ ಮಾಡಿದೆ. ಆ ಮನೆಯಲ್ಲಿ ಫೋನ್ ಎತ್ತುವುದು ಯಾವಾಗಲೂ ಆಂಟಿಯೇ. ಅಂಕಲ್‌ಗೆ ಫೋನಿನಲ್ಲಿ ಮಾತಾಡುವುದೆಂದರೆ ಆಗದು ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಶಿಕಾಗೋ ಹತ್ತಿರವಿದ್ದ ಮಗಳ ಫೋನ್ ಬಂದರೂ ಆಂಟಿಯ ಕೈಗೇ ಕೊಡುತ್ತಿದ್ದರು.

ಮುಂದಿನ ಭಾನುವಾರ ಹಳೆಯ ಬೇರಿಂಗ್‌ಗಳನ್ನು ಹಿಟ್ಟಿನ ಚೀಲವೊಂದರಲ್ಲಿ ತುಂಬಿ ತಂದುಕೊಟ್ಟರು. ಒಂದೊಂದನ್ನೂ ಎರಡು ಬೆರಳಿನ ನಡುವೆ ಹಿಡಿದು ತಿರುಗಿಸಿ, "ಇದು ಈಗ ಸುರು ಆಗೇತಿ. ಇದು ಅರ್ಧ ಹೋಗೇತಿ. ಇದು ತೀರಿಕೊಂಡೈತಿ" ಎಂದು ಸಾಲಾಗಿ ಇಟ್ಟರು. ನಾನು ಅದೇ ಸಾಲಿನಲ್ಲಿ ಚೀಟಿ ಅಂಟಿಸಿ ತಂದೆ. ಮೂರು ದಿನ ಕೂತು ರೆಕಾರ್ಡ್ ಮಾಡಿಸಿದೆ. ಅಂಕಲ್ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ನಮ್ಮ ಆಫೀಸಿನಲ್ಲಿ ನನ್ನ ಮೇಜಿನ ಮೇಲೆ ದೊಡ್ಡ ಪರದೆ, ಎರಡು ಸ್ಪೀಕರ್, ಕಾಲ ಕೆಳಗೆ ಗುಂಯ್ ಎನ್ನುವ ಇನ್ನೊಂದು. ಅಲ್ಲಿ ಆ ಪಾಠ ರಾಜನಂತೆ ನಡೆಯಿತು. ಗಿರಾಕಿ ಕಂಪನಿಯವರು ನೋಡಿ ಮೆಚ್ಚಿ ಸಹಿ ಹಾಕಿದರು. ಇಷ್ಟು ಚೆನ್ನಾಗಿರುವುದನ್ನು ತರಬೇತಿ ಕೋಣೆಗೆ ಮಾತ್ರ ಯಾಕೆ, ರಿಪೇರಿ ಮಾಡುವ ಜಾಗಕ್ಕೇ ಲ್ಯಾಪ್‌ಟಾಪಿನಲ್ಲಿ ಹಾಕಿಕೊಡಿ, ಮುಂದೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಯಂತ್ರಕ್ಕೂ ಹಾಕಿಕೊಡಿ ಎಂದರು. ಅದೇ ಪಾಠವನ್ನು ಹಾಗೆಯೇ ಕಾಪಿ ಮಾಡಿ ಕಳಿಸಿದೆವು. ಆ ವರ್ಷದ ಈದ್ ಊಟದಲ್ಲಿ ನಾನು ಅಂಕಲ್ ಮುಂದೆ ಕೂತು ಒಂದು ಗಂಟೆ ಕೊಚ್ಚಿಕೊಂಡೆ. ಪರದೆಯಿಂದ ಅಕ್ಷರವನ್ನೆಲ್ಲ ಹೇಗೆ ತೆಗೆದೆ, ಬರೀ ಕಿವಿಯಿಂದಲೇ ಹೇಗೆ ಕಲಿಸುತ್ತಿದ್ದೇನೆ ಎಂದೆಲ್ಲ. ಅವರು ನಗುತ್ತ ತಲೆಯಾಡಿಸುತ್ತಿದ್ದರು.

ಎರಡು ತಿಂಗಳಿಗೆ ಫಲಿತಾಂಶದ ಪಟ್ಟಿ ಬಂತು. ತರಬೇತಿ ಕೋಣೆಯಲ್ಲಿ ಕೂತವರು ಪಾಸಾಗಿದ್ದರು. ರಿಪೇರಿ ಜಾಗದಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತವರು ಸಾಲು ಸಾಲಾಗಿ ಫೇಲು. ನನ್ನ ಮ್ಯಾನೇಜರ್ ನಗುಮುಖದ ಹೆಂಗಸು, ಆದರೆ ಲೆಕ್ಕದಲ್ಲಿ ಬಿಗಿ. ಯಾಕೆ ಹೀಗಾಯಿತು, ಬರೆದುಕೊಡು ಎಂದರು. ನಾನು ಬರೆದುಕೊಟ್ಟೆ. ಕಲಿಯುವವರು ಗಮನ ಕೊಡುತ್ತಿಲ್ಲ, ಅವಸರದಲ್ಲಿ ಮುಂದೆ ಮುಂದೆ ಒತ್ತುತ್ತಿದ್ದಾರೆ, ಪಾಠದಲ್ಲಿ ದೋಷವಿಲ್ಲ. ಒಂದು ಸಲವೂ ಆ ಜಾಗಕ್ಕೆ ಹೋಗಿ ನೋಡದೆ, ಎ.ಸಿ. ಕೋಣೆಯಲ್ಲಿ ಕೂತು ಬರೆದ ಮಾತು ಅದು. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಗಿರಾಕಿ ಕಂಪನಿಯವರು ಅಷ್ಟಕ್ಕೆ ಬಿಡಲಿಲ್ಲ. ಹೋಗಿ ನೋಡಿ ಬನ್ನಿ ಎಂದು ಅವರೇ ಒಂದು ಮಳಿಗೆಯ ವಿಳಾಸ ಕೊಟ್ಟರು. ನೋಡಿದರೆ ಅದು ಗಾಡಿ ಅಂಕಲ್ ಕೆಲಸ ಮಾಡುವ ಜಾಗ! ಖುಷಿಯಿಂದಲೇ ಹೊರಟೆ.

ಒಳಗೆ ಕಾಲಿಟ್ಟ ಕೂಡಲೇ ನನ್ನ ಪಾಠ ಯಾಕೆ ಸತ್ತಿತೆಂದು ಅರ್ಥವಾಯಿತು. ಗಾಳಿಯ ಒತ್ತಡದಿಂದ ನಟ್ಟು ಬಿಚ್ಚುವ ಗನ್ನುಗಳ ಆರ್ಭಟ, ಮೇಲಕ್ಕೇರುವ ಲಿಫ್ಟುಗಳ ಕಿರುಚಾಟ, ಎಲ್ಲೋ ರೇಡಿಯೋ. ಲ್ಯಾಪ್‌ಟಾಪುಗಳನ್ನು ಸಲಕರಣೆಯ ಗಾಡಿಗಳ ಮೇಲೆ ಇಟ್ಟಿದ್ದರು. ಅದರ ಸಣ್ಣ ಸ್ಪೀಕರಿನ ದನಿ ನನಗೇ ಕೇಳಿಸದು. ನನ್ನ ಪಾಠದಲ್ಲಿ ಅಕ್ಷರವೂ ಇಲ್ಲ. ಪರದೆಯ ಮೇಲೆ ಚಕ್ರವೊಂದು ಸುಮ್ಮನೆ ತಿರುಗುತ್ತಿತ್ತು, ಕೆಳಗೆ ನಾಲ್ಕು ಬಟನ್, ಒಂದು, ಎರಡು, ಮೂರು, ನಾಲ್ಕು. ಅದರ ಮುಂದೆ ಸ್ಟೂಲಿನ ಮೇಲೆ ಗಾಡಿ ಅಂಕಲ್ ಕೂತಿದ್ದರು. ನನ್ನನ್ನು ನೋಡಿ ಅವರ ಮುಖ ಒಂದು ಕ್ಷಣ ಬಿಳಿಚಿಕೊಂಡಿತು, ಆಮೇಲೆ ಎಂದಿನ ನಗು.

ನನಗೆ ಪರಿಹಾರ ಥಟ್ಟನೆ ಹೊಳೆಯಿತು. ಚೀಲದಲ್ಲಿ ನನ್ನ ದೊಡ್ಡ ಹೆಡ್‌ಫೋನ್ ಇತ್ತು, ಕಿವಿಯನ್ನೆಲ್ಲ ಮುಚ್ಚುವಂಥದ್ದು. ತೆಗೆದು ಅವರ ತಲೆಗೆ ನಾನೇ ಹಾಕಿದೆ. ಪಾಠವನ್ನು ಮೊದಲಿನಿಂದ ಶುರು ಮಾಡಿದೆ. ಅವರು ಕಣ್ಣರಳಿಸಿ ಪರದೆ ನೋಡಿದರು, ತಲೆಯಾಡಿಸಿದರು, ಹೆಬ್ಬೆರಳು ಎತ್ತಿ ತೋರಿಸಿದರು.

"ಹ್ಞಾಂ, ಹ್ಞಾಂ. ಭಾಳ ಸ್ಪಷ್ಟ ಕೇಳಸಾಕತ್ತೈತಿ. ಛಲೋ ಮಾಡೀ ತಂಗಿ."

ಗೆದ್ದೆ ಎಂದುಕೊಂಡು ಕೆಳಗೆ ನೋಡಿದೆ. ಹೆಡ್‌ಫೋನಿನ ವೈರಿನ ತುದಿ ಪಾನಾಗಳ ನಡುವೆ ಬಿದ್ದಿತ್ತು. ಲ್ಯಾಪ್‌ಟಾಪಿಗೆ ಚುಚ್ಚುವುದನ್ನೇ ನಾನು ಮರೆತಿದ್ದೆ.

ಅವರು ಇನ್ನೂ ತಲೆಯಾಡಿಸುತ್ತಿದ್ದರು. ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಮೂರು ತಿಂಗಳು ಅವರ ಎಡಗಿವಿಗೆ ಕೇಳಿದ ಪ್ರಶ್ನೆಗಳು, ಸಾಕು ಸಾಕು ಎಂದರೂ ತುಂಬುತ್ತಿದ್ದ ತಟ್ಟೆ, ಆಂಟಿಯ ಕೈಗೆ ಹೋಗುತ್ತಿದ್ದ ಫೋನು, ಎಲ್ಲ ಒಟ್ಟಿಗೆ ತಲೆಗೆ ಬಂದವು. ನಾನು ಆ ವೈರನ್ನು ಎತ್ತಿ ಮೆಲ್ಲನೆ ಚುಚ್ಚಿದೆ. ಅವರು ಅದನ್ನು ನೋಡಿಬಿಟ್ಟರು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, "ಸಂಜಿಕ ಮನಿಗೆ ಬಾ" ಎಂದರು.

ಸಂಜೆ ಅವರ ಅಡುಗೆಮನೆಯ ಮೇಜಿನ ಬಳಿ ಮೂವರೂ ಕೂತೆವು. ಅವರು ನನ್ನ ಎದುರಿಗೆ, ನನ್ನ ಬಾಯಿ ಕಾಣುವಂತೆ.

"ಎಡಗಿವಿ ಹುಬ್ಬಳ್ಳಿಯೊಳಗ ಹೋತು, ತಗಡು ಬಡದು ಬಡದು," ಎಂದರು. "ಬಲಗಿವಿ ಇಲ್ಲಿ ಬಂದ ಮ್ಯಾಲ. ಮೊದಲ ಕಾರು ಮಾಡೂ ಪ್ಲಾಂಟಿನ್ಯಾಗ ಇದ್ದೆ ನೋಡು, ಅಲ್ಲಿ. ಒಂದೀಟು ಉಳದೈತಿ. ಬಾಯಿ ನೋಡಿ ತಿಳಕೊಂತೀನಿ."

"ಮತ್ತೆ ಪರೀಕ್ಷೆ?" ಎಂದೆ.

ಉತ್ತರ ಕೊಟ್ಟದ್ದು ಆಂಟಿ. "ಎರಡ ಸಲ ಫೇಲ್ ಆಗ್ಯಾರವಾ. ಮೂರನೇದು ಈ ತಿಂಗಳ ಕಡೀಕ. ಅದೂ ಹೋದ್ರ ದೊಡ್ಡ ಮೆಕ್ಯಾನಿಕ್ ಅನ್ನೂದು ಹೋತು, ಆಯಿಲ್ ಬದಲಿ ಮಾಡೂ ಹುಡುಗರ ಜೋಡಿ ನಿಲ್ಲಸ್ತಾರ. ನಿನ್ನ ಪಾಠ ಅಂತ ಗೊತ್ತಿತ್ತು. ನಿನಗ ಬ್ಯಾಸರ ಆಗ್ತೈತಿ ಅಂತ ಹೇಳಾಕ ಬಿಡಲಿಲ್ಲ."

ಯಾವ ಬೇರಿಂಗ್‌ಗಳನ್ನು ಬೆರಳಲ್ಲಿ ತಿರುಗಿಸಿ ಸಾಲಾಗಿ ಇಟ್ಟುಕೊಟ್ಟಿದ್ದರೋ ಅದೇ ಬೇರಿಂಗ್‌ಗಳ ಪರೀಕ್ಷೆಯಲ್ಲಿ ನಾನು ಅವರನ್ನು ಎರಡು ಸಲ ಫೇಲ್ ಮಾಡಿದ್ದೆ. ಅಳು ಬಂದುಬಿಟ್ಟಿತು. ಕಿವಿಯ ವಿಷಯವನ್ನು ಮಳಿಗೆಯಲ್ಲಿ ಹೇಳಿಬಿಡಿ, ಏನಾದರೂ ಅನುಕೂಲ ಮಾಡಿಕೊಡುತ್ತಾರೆ, ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಎಂದೆ. ಅವರು ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು.

"ಗೊತ್ತಾತಂದ್ರ ಮನಿಗೆ ಕಳಸ್ತಾರ. ಕಿವುಡ ಮೆಕ್ಯಾನಿಕ್‌ಗ ಯಾವ ಗಿರಾಕಿ ಗಾಡಿ ಕೊಡ್ತಾನ? ಮೆಷಿನ್ ಹಾಕ್ಕೊಂಡ್ರ ಡಂಗುರ ಸಾರಿದಂಗ. ನನಗ ಈಗ ಐವತ್ತೇಳು. ಯಾರ ಮುಂದೂ ಬಾಯಿ ಬಿಡಬ್ಯಾಡ. ಮಾತು ಕೊಡು."

ಕೊಟ್ಟೆ.

ಕೊಟ್ಟ ಮೇಲೆ ಪಾಠವನ್ನಾದರೂ ಸರಿ ಮಾಡಬೇಕಲ್ಲ. ಮರುದಿನ ಮ್ಯಾನೇಜರ್ ಮುಂದೆ ನಿಂತು ನಾನು ಬರೆದ ವರದಿ ತಪ್ಪು, ದೋಷವೆಲ್ಲ ನನ್ನ ಪಾಠದ್ದು, ಹಾಗೆಂದು ಗಿರಾಕಿಗೆ ತಿಳಿಸಬೇಕು ಎಂದೆ. ಆ ಕಂಪನಿಯ ಮೂಲಕವೇ ನನ್ನ ಗ್ರೀನ್ ಕಾರ್ಡಿನ ಅರ್ಜಿ ಹೋಗಿತ್ತು. ಕೆಲಸ ಹೋದರೆ ಪೆಟ್ಟಿಗೆ ಕಟ್ಟಬೇಕು. ಮ್ಯಾನೇಜರ್ ಮುಖದ ನಗು ಮಾಯವಾಯಿತು. ಗಿರಾಕಿಯವರು ಒಪ್ಪಿ ಸಹಿ ಹಾಕಿದ ಮೇಲೆ ನಾವೇ ಹೋಗಿ ನಮ್ಮದು ತಪ್ಪು ಎನ್ನಬೇಕೇ ಎಂದರು. ನಾನು ವಾದಕ್ಕೆ ಹೋಗಲಿಲ್ಲ, ಅರ್ಧ ದಿನ ನನ್ನ ಜೊತೆ ಡಿಯರ್‌ಬಾರ್ನಿನ ಆ ಮಳಿಗೆಗೆ ಬನ್ನಿ ಎಂದೆ. ಬಂದರು. ಗನ್ನುಗಳ ನಡುವೆ ಲ್ಯಾಪ್‌ಟಾಪಿನ ಮುಂದೆ ಅವರನ್ನೇ ಕೂರಿಸಿ ಪರೀಕ್ಷೆ ಕೊಟ್ಟೆ. ಆ ಹೆಂಗಸು ಎರಡು ಸಲ ಫೇಲಾದರು. ವಾಪಸ್ ಬರುವಾಗ ಕಾರಿನಲ್ಲಿ, ಎಷ್ಟು ದಿನ ಬೇಕು ಎಂದು ಕೇಳಿದರು. ಎರಡು ವಾರ ಎಂದೆ. ಅಂಕಲ್ ಹೆಸರನ್ನು ಎಲ್ಲಿಯೂ ಎತ್ತಲಿಲ್ಲ.

ಆ ಎರಡು ವಾರ ಸಂಜೆಯಾದರೆ ಅವರ ಮನೆಯ ಗ್ಯಾರೇಜು. ಬೂದು ಕಾರಿಗೆ ಜ್ಯಾಕ್ ಕೊಟ್ಟು ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿದ್ದರು. ಸದ್ದು ಕೇಳದೆ ನೀವು ಹೇಗೆ ಕಂಡುಹಿಡಿಯುತ್ತೀರಿ ಎಂದು ಕೇಳಿದೆ.

"ಕಿವಿ ಬಿಡು. ಇಲ್ಲಿ ಕೈ ಇಡು," ಎಂದು ನನ್ನ ಅಂಗೈ ಹಿಡಿದು ಚಕ್ರದ ಹಿಂದಿನ ಸ್ಪ್ರಿಂಗಿನ ಮೇಲೆ ಇಟ್ಟು, ಇನ್ನೊಂದು ಕೈಯಿಂದ ಚಕ್ರವನ್ನು ಜೋರಾಗಿ ತಿರುಗಿಸಿದರು. "ಏನ್ ಅನಸಾಕತ್ತೈತಿ?"

"ಏನೋ ಗರಗರ ಅಂತಿದೆ ಅಂಕಲ್, ಕೈಯೊಳಗೆ."

"ಅದ ನೋಡು ಬೇರಿಂಗ್ ಮಾತಾಡೂದು. ಅದನ್ನ ನಿನ್ನ ಕಂಪ್ಯೂಟರಿನ್ಯಾಗ ಹಾಕು."

ಕೈಯಲ್ಲಿ ಆದದ್ದನ್ನು ಕಂಪ್ಯೂಟರಿಗೆ ಹಾಕುವುದೆಂದರೆ ಸಾಮಾನ್ಯವೇ? ಸ್ಪ್ರಿಂಗಿನ ಮೇಲೆ ಕೈಯಿಟ್ಟ ಚಿತ್ರ ಬರೆಸಿದೆ. ಸದ್ದಿನ ಪಕ್ಕದಲ್ಲಿ ಅದರ ನಡುಕವನ್ನು ಗೆರೆಯಾಗಿ ಓಡಿಸಿದೆ. ಚೆನ್ನಾಗಿರುವ ಬೇರಿಂಗಿಗೆ ನೀರಿನಂಥ ಗೆರೆ, ಹಾಳಾದದ್ದಕ್ಕೆ ಗರಗಸದ ಹಲ್ಲಿನಂಥದ್ದು. ದನಿಯಲ್ಲಿ ಇದ್ದುದನ್ನೆಲ್ಲ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಪರದೆಗೆ ತಂದೆ. ನಿಯಮವನ್ನು ಬದಿಗಿಟ್ಟೆ. ಪರೀಕ್ಷೆಯಲ್ಲಿ ಕೇಳಿಯಾದರೂ ಉತ್ತರಿಸಬಹುದು, ನೋಡಿಯಾದರೂ ಉತ್ತರಿಸಬಹುದು ಎಂದು ಮಾಡಿದೆ.

ತಂದು ತೋರಿಸಿದರೆ ಅಂಕಲ್ ಹತ್ತಿರ ಬರಲೇ ಇಲ್ಲ. ಆರು ಅಡಿ ದೂರದಲ್ಲಿ, ಕಾರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡಿದರು.

"ಏನೂ ಕಾಣವಲ್ದು."

"ಹತ್ರ ಬನ್ನಿ ಅಂಕಲ್."

"ನಾ ಯಾಕ ಬರಲಿ? ಗಾಡಿ ಕೆಳಗ ಇರಾಂವ ನಾನು. ಅಕ್ಷರ ನನ್ನ ಹಂತ್ಯಾಕ ಬರಬೇಕು."

ಅಕ್ಷರ ದೊಡ್ಡದು ಮಾಡಿಕೊಂಡು ಹೋದೆ. ಆಗ ಎರಡೂ ಕೈ ಮುಂದೆ ಚಾಚಿದರು. ಮೊಣಕೈವರೆಗೆ ಗ್ರೀಸು. "ಇಷ್ಟು ಸಣ್ಣ ಬಟನ್ ಯಾಂವ ಒತ್ತತಾನ? ಮುಟ್ಟಿದ್ರ ನಿನ್ನ ಕಂಪ್ಯೂಟರ್ ಹೋತು." ಹಾಗಾದರೆ ಏನು ಮಾಡಲಿ ಎಂದೆ. ಎದ್ದು ಬಂದು ಮೊಣಕೈಯಿಂದ ಕೀಬೋರ್ಡಿನ ಅತಿ ಉದ್ದದ ಕೀಲಿಯನ್ನು ಕುಟ್ಟಿದರು. "ಇದೊಂದ ಸಾಕು." ಇಡೀ ಪಾಠ ಸ್ಪೇಸ್ ಬಾರ್ ಒಂದರಿಂದಲೇ ಮುಂದೆ ಹೋಗುವಂತೆ ಬದಲಾಯಿಸಿದೆ. ಪರೀಕ್ಷೆಯಲ್ಲೂ ಉತ್ತರಗಳು ಒಂದೊಂದಾಗಿ ಮಿನುಗುತ್ತ ಹೋಗುವುದು, ಸರಿಯಾದದ್ದು ಮಿನುಗಿದಾಗ ಒಂದು ಏಟು. ಮೊಣಕೈಯಿಂದ ಓಡಿಸುವ ಪಾಠ ಜಗತ್ತಿನಲ್ಲಿ ಇನ್ನೆಲ್ಲಾದರೂ ಇತ್ತೋ ಏನೋ, ನನಗೆ ಗೊತ್ತಿಲ್ಲ.

ಆಮೇಲೆ ನಡೆದದ್ದು ತಮಾಷೆ. ಅಂಗೈ ಯಂತ್ರಕ್ಕೆ ಹಾಕಬೇಕಾಗಿ ಬಂದಾಗ ಬೇರೆಯವರ ಪಾಠಗಳೆಲ್ಲ ತಿಣುಕಾಡಿದವು. ಪುಟ್ಟ ಪರದೆಯಲ್ಲಿ ಅಕ್ಷರ ಕಾಣದು, ಬಟನ್ ಸಿಗದು, ದನಿಯಂತೂ ಇಲ್ಲ. ನಮ್ಮ ಬೇರಿಂಗ್ ಪಾಠ ಮಾತ್ರ ಅಲ್ಲಿಯೂ ತಲೆ ಎತ್ತಿ ನಡೆಯಿತು. ದೂರದಿಂದ ಕಾಣಬೇಕೆಂದು ಮಾಡಿದ ದಪ್ಪ ಅಕ್ಷರ ಸಣ್ಣ ಪರದೆಯಲ್ಲೂ ಕಂಡಿತು, ಒಂದು ಕೀಲಿಯ ಪಾಠಕ್ಕೆ ಒಂದು ಗುಂಡಿ ಸಾಕಾಯಿತು. ಇದು ಹೇಗೆ ಹೊಳೆಯಿತು ಎಂದು ಎಲ್ಲರೂ ಕೇಳಿದರು. ನಮ್ಮ ಕಡೆಯ ಮೇಷ್ಟ್ರೊಬ್ಬರು ಹೇಳಿಕೊಟ್ಟರು ಎಂದೆ. ಮುಂದೆ ನಾನು ಮಾಡಿದ ಎಲ್ಲ ಪಾಠಗಳನ್ನೂ ಮೊದಲು ದನಿ ತೆಗೆದು, ಆಮೇಲೆ ಆರು ಅಡಿ ದೂರ ನಿಂತು, ಕೊನೆಗೆ ಮೊಣಕೈಯಿಂದ ಒತ್ತಿ ನೋಡಿದ್ದೇನೆ. ನನ್ನ ಅನ್ನ ಹುಟ್ಟಿದ್ದು ಅದರಿಂದ.

ಗಿರಾಕಿ ಕಂಪನಿಯವರು ದೊಡ್ಡ ಮನಸ್ಸು ಮಾಡಿ ಹಳೆಯ ಫಲಿತಾಂಶವನ್ನೆಲ್ಲ ರದ್ದು ಮಾಡಿದರು. ರಿಪೇರಿ ಜಾಗದವರಿಗೆಲ್ಲ ಮತ್ತೆ ಮೊದಲಿನಿಂದ ಪರೀಕ್ಷೆ. ಅಂಕಲ್ ಮೊದಲ ಸಲಕ್ಕೇ ಪಾಸು. ಒಂದೂ ತಪ್ಪಿಲ್ಲ. ಆ ದಿನ ಆಂಟಿ ಫೋನ್ ಮಾಡಿ, "ಮುಂಜಾನಿಂದ ನಕ್ಕೋತ ಅಡ್ಡಾಡಾಕತ್ತಾರ, ಶೇಂಗಾ ಹೋಳಿಗಿ ಮಾಡಂತ ಗಂಟು ಬಿದ್ದಾರ" ಎಂದರು.

ಏಳು ವರ್ಷ ಅವರು ಅದೇ ದರ್ಜೆಯಲ್ಲಿ ಕೆಲಸ ಮಾಡಿದರು. ಏಳು ವರ್ಷವೂ ನಾನು ಕೊಟ್ಟ ಮಾತು ಉಳಿಸಿಕೊಂಡೆ. ಕಿವಿಯ ಮೆಷಿನ್ ಬಗ್ಗೆ ಒಂದೆರಡು ಸಲ ಬಾಯಿ ತೆರೆದೆ, ಅವರು ಕಣ್ಣು ಬಿಟ್ಟರು, ನಾನು ಬಾಯಿ ಮುಚ್ಚಿದೆ. ಬಳಗದವರು ಅಂಕಲ್‌ಗೆ ಜಂಬ, ಕೂಗಿದರೂ ತಿರುಗುವುದಿಲ್ಲ ಎಂದು ಆಡಿಕೊಂಡಾಗಲೂ ಸುಮ್ಮನಿದ್ದೆ. ಶಿಕಾಗೋದ ಮೊಮ್ಮಗಳು ಬಂದು ಅವರ ಬೆನ್ನ ಹಿಂದೆ ನಿಂತು ಇಂಗ್ಲಿಷಿನಲ್ಲಿ ಏನೋ ಕೇಳಿ, ಕಾದು, ಉತ್ತರ ಬಾರದೆ ಸಪ್ಪೆ ಮುಖ ಮಾಡಿಕೊಂಡು ಹೋದದ್ದನ್ನು ಕಂಡಾಗಲೂ ಸುಮ್ಮನಿದ್ದೆ.

ಎರಡು ಸಾವಿರದ ಎಂಟರ ಕೊನೆಯಲ್ಲಿ ಕಾರುಗಳನ್ನು ಕೊಳ್ಳುವವರೇ ಇಲ್ಲವಾದರು. ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಅಂಕಲ್ ಅವರದೂ ಹೋಯಿತು. ಸಮಾಧಾನ ಹೇಳಲು ಏನು ಮಾತು ಹುಡುಕಲಿ ಎಂದುಕೊಳ್ಳುತ್ತಿರುವಾಗ, ಎರಡು ವಾರಕ್ಕೆ, ಒಂದು ಮಧ್ಯಾಹ್ನ ಫೋನ್ ಬಂತು. ಅವರ ಮನೆಯ ನಂಬರು. "ಹೇಳಿ ಆಂಟಿ" ಎಂದೆ.

"ಆಂಟಿ ಅಲ್ಲವಾ, ನಾನು."

ಹತ್ತು ವರ್ಷಗಳಲ್ಲಿ ಅವರ ದನಿಯನ್ನು ಫೋನಿನಲ್ಲಿ ಕೇಳಿದ್ದು ಅದೇ ಮೊದಲು. ಕೆಲಸ ಹೋದ ಮರುವಾರವೇ ಹೋಗಿ ಎರಡೂ ಕಿವಿಗೆ ಮೆಷಿನ್ ಹಾಕಿಸಿಕೊಂಡಿದ್ದರು. "ಇನ್ನ ಯಾರಿಗ ಗೊತ್ತಾದ್ರ ಏನಾತು?" ಎಂದು ನಕ್ಕರು. ನಾನು ಒಂದೇ ಉಸಿರಿಗೆ ಏನೇನೋ ಮಾತಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡರು.

"ನೀ ಮೈಸೂರ ಕಡಿಯಾಕಿ ಅಂತ ಈಗ ಗೊತ್ತಾತು ನೋಡು," ಎಂದರು ಕೊನೆಗೆ.

"ಹೇಳಿದ್ನಲ್ಲ ಅಂಕಲ್, ಮೊದಲನೇ ದಿನವೇ."

"ಹೇಳಿರಬೇಕು. ಬಾಯಿಯೊಳಗ ಮೈಸೂರು ಕಾಣಸಂಗಿಲ್ಲ."

ಆ ಚಳಿಗಾಲವೆಲ್ಲ ಅವರು ಫೋನ್ ಮಾಡಿದ್ದೇ ಮಾಡಿದ್ದು. ಮಗಳಿಗೆ, ಮೊಮ್ಮಗಳಿಗೆ, ನಮಗೆಲ್ಲರಿಗೆ. ಬಿಲ್ಲು ನೋಡಿ ಆಂಟಿ ಬೈದರೆ ಅದನ್ನೂ ಖುಷಿಯಿಂದ ಕೇಳುತ್ತಿದ್ದರಂತೆ. ಒಂದು ಭಾನುವಾರ ನಾನು ಹಳೆಯ ಬೇರಿಂಗ್ ಪಾಠವನ್ನು ಲ್ಯಾಪ್‌ಟಾಪಿನಲ್ಲಿ ಕೊಂಡೊಯ್ದು ದನಿ ಸಮೇತ ಕೇಳಿಸಿದೆ. ಗಂಭೀರವಾಗಿ ಕೊನೆಯ ತನಕ ಕೇಳಿ, "ಆ ಮನಶಾ ಭಾಳ ಮಾತಾಡತಾನ. ದನಿ ತಗದುಬಿಡು" ಎಂದರು.

ಐದೇ ತಿಂಗಳು. ಮೇ ತಿಂಗಳಲ್ಲಿ ಎದೆ ಹಿಡಿದುಕೊಂಡಿತು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಬಂದ ಮೊದಲ ಯೋಚನೆ ದುಃಖದ್ದಲ್ಲ, ಸಿಟ್ಟಿನದು. ನನ್ನ ಮೇಲೆಯೇ ಸಿಟ್ಟು. ಏಳು ವರ್ಷ ಮಾತು ಉಳಿಸಿಕೊಂಡವಳು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಆ ಏಳು ವರ್ಷ ಅವರು ಮೊಮ್ಮಗಳ ದನಿ ಕೇಳಬಹುದಿತ್ತು. ಜಗಳವಾಡಿ, ಕಾಡಿ, ಕೆಲಸ ಹೋದರೆ ಹೋಗಲಿ ಎಂದಾದರೂ ನಾನು ಕಿವಿಯ ಡಾಕ್ಟರ ಬಳಿಗೆ ಎಳೆದುಕೊಂಡು ಹೋಗಬೇಕಾಗಿತ್ತು.

ಮಣ್ಣು ಕೊಟ್ಟ ಮರುದಿನ ಮನೆಗೆ ಹೋದೆ. ಒಳಗೆ ಹೆಂಗಸರ ನಡುವೆ ಆಂಟಿ. ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು, ಯೆಮೆನ್ ದೇಶದಿಂದ ಬಂದ ಮೆಕ್ಯಾನಿಕ್, ಐವತ್ತು ದಾಟಿದವರು. ಅಂಕಲ್ ಪಕ್ಕದ ಲಿಫ್ಟಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರಂತೆ, ಈಗ ಬೇರೆ ಗ್ಯಾರೇಜಿನಲ್ಲಿ ಸೇರಿಕೊಂಡಿದ್ದರು. ನಾನು ಪಕ್ಕದಲ್ಲಿ ಕೂತು, ಕೊನೆಯ ಸಲ ಅವರನ್ನು ಯಾವಾಗ ನೋಡಿದ್ದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಹೌದು, ಹೌದು," ಎಂದು ನಗುತ್ತ ತಲೆಯಾಡಿಸಿದರು. "ಬಹಳ ಒಳ್ಳೆಯ ಮನುಷ್ಯ."

ನಾನು ಎದ್ದು ಕುರ್ಚಿಯನ್ನು ಅವರ ಎದುರಿಗೆ ಎಳೆದುಕೊಂಡೆ. ನನ್ನ ಮುಖಕ್ಕೆ ಬೆಳಕು ಬೀಳುವಂತೆ ಕೂತೆ.

"ನಿಮಗೆ ಕೇಳಿಸುವುದಿಲ್ಲ ಅಲ್ಲವೇ?" ಎಂದು ನಿಧಾನವಾಗಿ, ತುಟಿ ಬಿಡಿಸಿ ಕೇಳಿದೆ. "ಅವರಿಗೂ ಕೇಳಿಸುತ್ತಿರಲಿಲ್ಲ."

ಅವರ ನಗು ನಿಂತಿತು. ಬಾಗಿಲ ಕಡೆ ಒಮ್ಮೆ, ರಸ್ತೆಯ ಕಡೆ ಒಮ್ಮೆ ತಿರುಗಿ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಅವನಿಗೂ?"

"ಅವರಿಗೂ," ಎಂದೆ. "ನಾಳೆ ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಅವರಿಗೆ ಮೆಷಿನ್ ಹಾಕಿದ ಡಾಕ್ಟರು ನನಗೆ ಗೊತ್ತು. ನಾನೇ ಕರೆದುಕೊಂಡು ಹೋಗುತ್ತೇನೆ."